ಕದಲಿದ ರಾಜ

ಚೆಸ್ ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ‘ಅರ್ಧ’ ಎಂದು ಕರೆಯುತ್ತಿದ್ದರು. ಕುಳ್ಳನೆಂದಲ್ಲ, ಬುದ್ಧಿ ಸಾಲದು ಎಂದೂ ಅಲ್ಲ. ಚೆಸ್‌ನಲ್ಲಿ ಗೆದ್ದರೆ ಒಂದು ಅಂಕ, ಸೋತರೆ ಸೊನ್ನೆ, ಆಟ ಸಮವಾದರೆ ಇಬ್ಬರಿಗೂ ಅರ್ಧರ್ಧ ಅಂಕ. ಮೂವತ್ತೊಂದು ವರ್ಷಗಳ ಟೂರ್ನಮೆಂಟುಗಳಲ್ಲಿ ಅವನು ಸ್ವಂತ ಅಣ್ಣನ ಎದುರು ನಲವತ್ತಮೂರು ಸಲ ಕೂತಿದ್ದ. ಮೂವತ್ತೆಂಟು ಸಲ ಸೋತಿದ್ದ, ಐದು ಸಲ ಹೇಗೋ ಸಮ ಮಾಡಿಕೊಂಡಿದ್ದ. ಆ ಐದು ಅರ್ಧಗಳಿಂದ ಬಂದ ಹೆಸರು ಅದು. ಕೊನೆಗೆ ಅಂಗಡಿಗೆ ಬರುವ ಗಿರಾಕಿಗಳೂ “ಅರ್ಧ ಇದ್ದಾನಾ?” ಎಂದು ಕೇಳುವಂತಾಯಿತು. ಅವನು ಒಳಗಿನಿಂದಲೇ “ಪೂರ್ತಿ ಇದ್ದೀನಿ, ಬನ್ನಿ” ಎನ್ನುತ್ತಿದ್ದ.

ಅವನ ಕಸುಬು ತಕ್ಕಡಿ ರಿಪೇರಿ. ಅಪ್ಪನಿಂದ ಬಂದ ಅಂಗಡಿ. ಎರಡು ಗಾಡಿಗಳ ಅಗಲ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ತಕ್ಕಡಿ ದಂಡಿಗೆಗಳು, ಕಿಟಕಿಯ ಕೆಳಗೆ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆ, ಕಬ್ಬಿಣದ ತೂಕದ ಬೊಟ್ಟುಗಳು. ಅಣ್ಣ ತಮ್ಮ ಮೊದಲು ಚೆಸ್ ಆಡಿದ್ದು ಆ ಬೊಟ್ಟುಗಳಲ್ಲೇ. ಹಿತ್ತಾಳೆಯದು ಬಿಳಿ ಪಡೆ, ಕಬ್ಬಿಣದ್ದು ಕಪ್ಪು ಪಡೆ. ಕಿಲೋ ಬೊಟ್ಟು ರಾಜ, ಅರ್ಧ ಕಿಲೋ ಮಂತ್ರಿ, ಇನ್ನೂರು ಗ್ರಾಮು ಆನೆ, ಐದು ಗ್ರಾಮಿನ ಎಂಟು ಬೊಟ್ಟುಗಳು ಕಾಲಾಳುಗಳು. ಅಣ್ಣ ಐದು ವರ್ಷ ದೊಡ್ಡವನು, ಅವನೇ ಗುರು. “ರಾಜ ಭಾರ ಇದ್ದಾನೆ ಅಂತ ಹೆದರಬೇಡ. ಇರೋದರಲ್ಲಿ ಕೈಲಾಗದವನು ಅವನೇ,” ಎಂದು ಹೇಳಿಕೊಟ್ಟಿದ್ದ. ಅಪ್ಪ ಊಟಕ್ಕೆ ಹೋದಾಗ ಶುರುವಾದ ಆಟ ಗಿರಾಕಿ ಬಂದಾಗ ನಿಲ್ಲುತ್ತಿತ್ತು, ಏಕೆಂದರೆ ರಾಜನನ್ನೇ ಎತ್ತಿ ತಕ್ಕಡಿಗೆ ಹಾಕಬೇಕಾಗುತ್ತಿತ್ತು. ಗಿರಾಕಿ ಹೋದಮೇಲೆ ಯಾವ ಬೊಟ್ಟು ಎಲ್ಲಿತ್ತು ಎಂದು ಅಣ್ಣ ಒಂದೂ ತಪ್ಪದಂತೆ ಮತ್ತೆ ಜೋಡಿಸುತ್ತಿದ್ದ. ತಮ್ಮನಿಗೆ ಅದು ಎಂದೂ ಬರಲಿಲ್ಲ.

ಅಣ್ಣ ಓದಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಂಪೌಂಡರ್ ಆದ. ತಮ್ಮ ಅಂಗಡಿ ನೋಡಿಕೊಂಡ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ “ತೂಗಿ ತೂಗಿ ನೋಡೋದರೊಳಗೆ ವಯಸ್ಸಾಯ್ತು” ಎನ್ನುತ್ತಿದ್ದ. ಭಾನುವಾರದ ಊಟ ಅಣ್ಣನ ಮನೆಯಲ್ಲಿ. ಕ್ಲಬ್ಬಿನ ಗೋಡೆಯ ಪಟ್ಟಿಯಲ್ಲಿ ಅಣ್ಣನ ರೇಟಿಂಗ್ ಸಾವಿರದ ಒಂಬೈನೂರ ನಾಲ್ಕು, ಮೇಲಿನಿಂದ ಎರಡನೆಯ ಹೆಸರು. ತಮ್ಮನದು ಸಾವಿರದ ಐನೂರ ಹನ್ನೆರಡು, ಕೆಳಗಿನಿಂದ ಮೂರನೆಯದು. ಅವನಿಗೆ ಒಂದೇ ಒಂದು ಆಸೆ ಇತ್ತು, ಅದನ್ನು ಮುಚ್ಚಿಟ್ಟವನೂ ಅಲ್ಲ. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ಅಣ್ಣನನ್ನು ಸೋಲಿಸಬೇಕು.

ಆ ವರ್ಷದ ಟೂರ್ನಮೆಂಟಿನಲ್ಲಿ ಅಣ್ಣ ಮೊದಲ ಆರು ಸುತ್ತುಗಳಲ್ಲಿ ಮೂರು ಆಟ ಸೋತಿದ್ದ. ಅದರಲ್ಲೊಂದು, ನಿನ್ನೆ ಮೊನ್ನೆ ಆಟ ಕಲಿತ ಕಾಲೇಜು ಹುಡುಗಿಯ ಕೈಯಲ್ಲಿ. “ಕಂಪೌಂಡರಿಗೆ ವಯಸ್ಸಾಯ್ತು, ತಮ್ಮದೇ ಮಾತ್ರೆ ತಗೊಳ್ಳೋದು ಮರೆತಿರಬೇಕು,” ಎಂದು ಕ್ಲಬ್ಬಿನವರು ನಕ್ಕರು. ಸಮಾನ ಅಂಕದವರನ್ನು ಜೋಡಿ ಮಾಡುವುದು ಅಲ್ಲಿನ ಪದ್ಧತಿ. ಶನಿವಾರ ಸಂಜೆ ಕೊನೆಯ ಸುತ್ತಿನ ಪಟ್ಟಿ ಗೋಡೆಗೆ ಬಿದ್ದಾಗ ಅಣ್ಣನ ಎದುರು ತಮ್ಮನ ಹೆಸರಿತ್ತು.

ಆ ರಾತ್ರಿ ಅಂಗಡಿ ಮುಚ್ಚುವ ಮೊದಲು ಅತ್ತಿಗೆ ಬಂದಳು. ಕೈಯಲ್ಲಿ ಅಡುಗೆಮನೆಯ ಸಣ್ಣ ತಕ್ಕಡಿ. “ಇದು ಸರಿಯಾಗಿ ತೋರಿಸ್ತಿಲ್ಲ, ನೋಡು,” ಎಂದಳು. ಅವನು ನೂರು ಗ್ರಾಮು ಇಟ್ಟು ನೋಡಿದ. ಮುಳ್ಳು ನೂರಕ್ಕೇ ನಿಂತಿತು.

“ಸರಿ ಇದೆಯಲ್ಲ ಅತ್ತಿಗೆ.”

“ಗೊತ್ತು,” ಎಂದು ಅವಳು ಸ್ಟೂಲಿನ ಮೇಲೆ ಕೂತಳು. “ಸುಮ್ಮನೆ ಬರೋಕೆ ಒಂದು ನೆಪ ಬೇಕಿತ್ತು. ನಿಮ್ಮಣ್ಣ ಮೊನ್ನೆ ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದ್ರು. ತಲೆ ಇನ್ನೂ ಒದ್ದೆ ಇದೆ, ಮತ್ತೆ ಟವೆಲ್ ಎತ್ಕೊಂಡು ಹೊರಟ್ರು. ನಾನು ತಮಾಷೆ ಅಂದ್ಕೊಂಡೆ. ಬುಧವಾರ ನಮ್ಮ ಬೀದಿಯ ತಿರುವಿನಲ್ಲಿ ನಿಂತಿದ್ರು. ನಾನು ಹೋಗಿ ಕೈ ಹಿಡಿದು ಕರ್ಕೊಂಡು ಬಂದೆ. ‘ಯಾರಿಗೋ ಕಾಯ್ತಾ ಇದ್ದೆ’ ಅಂದ್ರು.”

“ಕಾಯ್ತಾ ಇದ್ದಿರಬಹುದು.”

“ಯಾರಿಗೆ?” ಅವಳ ದನಿ ಏರಿತು. “ಡಾಕ್ಟರ ಹತ್ರ ಹೋಗೋಣ ಅಂದ್ರೆ ಮೈಮೇಲೆ ಬೀಳ್ತಾರೆ. ‘ದಿನಾ ಡಾಕ್ಟರ ಜೊತೆಗೇ ಇರ್ತೀನಿ, ನೀನು ನನಗೆ ಡಾಕ್ಟರನ್ನ ತೋರಿಸ್ತೀಯಾ’ ಅಂತಾರೆ. ನಾನು ಹೇಳಿದ್ರೆ ಹೆಂಡತಿ ಗೊಣಗಾಟ. ನೀನು ಬೇರೆ. ನಾಳೆ ಮೂರು ನಾಲ್ಕು ಗಂಟೆ ಅವರ ಎದುರು ಕೂರ್ತೀಯ. ಅವರ ತಲೆ ಒಳಗೆ ಏನಿದೆ ಅಂತ ನಿನಗೆ ಗೊತ್ತಾಗೋಷ್ಟು ಇನ್ಯಾರಿಗೂ ಗೊತ್ತಾಗಲ್ಲ. ಅವರು ನಿನ್ನನ್ನ ಸೋಲಿಸಿದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ನನ್ನದೇ ಭ್ರಮೆ ಅಂದ್ಕೊಳ್ತೀನಿ.”

“ಹಾಗಾದ್ರೆ ಇವತ್ತಿಂದಲೇ ಬಾಯಿ ಮುಚ್ಕೊಂಡಿರಿ,” ಎಂದು ಅವನು ನಗಿಸಲು ನೋಡಿದ. “ಸೋಲೋದರಲ್ಲಿ ನನ್ನಷ್ಟು ಪಳಗಿದವನು ಯಾರಿದ್ದಾನೆ?”

ಅವಳು ನಗಲಿಲ್ಲ. ಹೋಗುವಾಗ ತಕ್ಕಡಿಯನ್ನು ಮರೆತು ಹೋದಳು.

ಟೂರ್ನಮೆಂಟ್ ನಡೆಯುತ್ತಿದ್ದುದು ಒಂದು ಕಾರ್ಮಿಕ ಸಂಘದ ಮಹಡಿಯ ಹಾಲ್‌ನಲ್ಲಿ. ಎಂಟು ಮೇಜು, ಹದಿನಾರು ಕುರ್ಚಿ, ಒಂದೇ ಕಡೆಗೆ ತಿರುಗುವ ಫ್ಯಾನು. ತೀರ್ಪುಗಾರ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೇಜುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು, ಮಕ್ಕಳ ಚಿತ್ರ ನೋಡುವವರ ಹಾಗೆ ಬಗ್ಗಿ ನೋಡುತ್ತಾ ತಿರುಗುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಆಟ ಶುರುವಾಯಿತು. ಅಣ್ಣನದು ಬಿಳಿ.

“ಏನಪ್ಪಾ ಅರ್ಧ, ಇವತ್ತು ಕಾಲು ಸಾಕಾ?” ಎಂದು ಅಣ್ಣ ಕೈ ಕುಲುಕಿದ. ಅದೇ ಒಣಗಿದ ಬೆಚ್ಚನೆಯ ಕೈ, ಅದೇ ಔಷಧಿ ವಾಸನೆ. ತಮ್ಮನಿಗೆ ಅರ್ಧ ಭಯ ಅಲ್ಲೇ ಇಳಿಯಿತು.

ಮೊದಲ ಎಂಟು ನಡೆಗಳನ್ನು ಅಣ್ಣ ಕಣ್ಣುಮುಚ್ಚಿ ಆಡಿದವನಂತೆ ಪಟಪಟನೆ ಆಡಿದ. ಒಂಬತ್ತನೆಯ ನಡೆ ಆಡಿ ಗಡಿಯಾರ ಒತ್ತಲಿಲ್ಲ. ಚೆಸ್ ಗಡಿಯಾರಕ್ಕೆ ಎರಡು ಮುಖ. ನಡೆ ಆಡಿದವನು ತನ್ನ ಕಡೆಯ ಗುಂಡಿ ಒತ್ತಿದರೆ ಮಾತ್ರ ಅವನ ಸಮಯ ನಿಂತು ಎದುರಾಳಿಯದು ಓಡುತ್ತದೆ. ತಮ್ಮ ಎರಡು ನಿಮಿಷ ಕಾದ. ಆಮೇಲೆ ಕಣ್ಣಲ್ಲೇ ತೋರಿಸಿದ. “ಓಹ್,” ಎಂದು ಅಣ್ಣ ಒತ್ತಿದ. ಇದು ಯಾರಿಗಾದರೂ ಆಗುತ್ತದೆ, ನನಗೇ ವಾರಕ್ಕೊಂದು ಸಲ ಆಗುತ್ತದೆ ಎಂದು ತಮ್ಮ ತನಗೆ ತಾನೇ ಹೇಳಿಕೊಂಡ.

ಹನ್ನೊಂದನೆಯ ನಡೆಯಲ್ಲಿ ತಮ್ಮ ಒಂಟೆಯಿಂದ ಚೆಕ್ ಕೊಟ್ಟ. ಹನ್ನೆರಡನೆಯದರಲ್ಲಿ ಅಣ್ಣ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ. ಹದಿನೈದನೆಯ ನಡೆಯಲ್ಲಿ, ಒಂಟೆ ಹಿಂದೆ ಹೋದ ಮೇಲೆ, ರಾಜನನ್ನು ಮತ್ತೆ ಮೊದಲಿನ ಮನೆಗೇ ತಂದ. ಇಬ್ಬರೂ ನಿಯಮದಂತೆ ತಮ್ಮ ತಮ್ಮ ಹಾಳೆಯಲ್ಲಿ ನಡೆಗಳನ್ನು ಬರೆದುಕೊಂಡರು.

ಆ ಹೊತ್ತಿಗೆ ತಮ್ಮನಿಗೆ ಒಂದು ವಿಷಯ ಅರ್ಥವಾಗಿತ್ತು. ಅವನು ಗೆಲ್ಲುತ್ತಿದ್ದ. ಒಂದು ಕಾಲಾಳು ಹೆಚ್ಚಿತ್ತು, ಎರಡು ಆನೆಗಳಿಗೂ ದಾರಿ ತೆರೆದಿತ್ತು. ಮೂವತ್ತೊಂದು ವರ್ಷ ಇದೇ ಗಳಿಗೆಯನ್ನು ಕನಸು ಕಂಡಿದ್ದವನಿಗೆ ಈಗ ಅತ್ತಿಗೆಯ ಮಾತೇ ನೆನಪಾಯಿತು. ಅವನು ಮಾಡಬಾರದ ಕೆಲಸ ಮಾಡಿದ. ಕುದುರೆಯನ್ನು ಬೇಕೆಂದೇ ತಪ್ಪು ಮನೆಗೆ ಇಟ್ಟ. ಅಣ್ಣ ಅದನ್ನು ಪುಕ್ಕಟೆಯಾಗಿ ಹೊಡೆಯಬಹುದಿತ್ತು. ಹತ್ತು ವರ್ಷದ ಹಿಂದೆ ಆಗಿದ್ದರೆ ಹೊಡೆದು, ಸಾಲದ್ದಕ್ಕೆ ಮೀಸೆಯಡಿ ನಕ್ಕೂ ಬಿಡುತ್ತಿದ್ದ. ಈಗ ಅಣ್ಣ ಬೋರ್ಡನ್ನು ಆರು ನಿಮಿಷ ನೋಡಿದ. ಕೈ ಎತ್ತಿದ. ರಾಜನನ್ನು ಎರಡು ಮನೆ ಎಡಕ್ಕೆ ಸರಿಸಿ, ಮೂಲೆಯ ಆನೆಯನ್ನು ತಂದು ಅವನ ಆಚೆ ಪಕ್ಕದಲ್ಲಿ ಇಟ್ಟು, ಗಡಿಯಾರ ಒತ್ತಿದ.

ಇದಕ್ಕೆ ಕೋಟೆ ಕಟ್ಟುವುದು ಎನ್ನುತ್ತಾರೆ. ಆಟದಲ್ಲಿ ಒಂದೇ ಸಲ ಸಿಗುವ ಅವಕಾಶ. ಷರತ್ತೂ ಒಂದಿದೆ. ಅಲ್ಲಿಯವರೆಗೆ ರಾಜ ತನ್ನ ಮನೆಯಿಂದ ಒಮ್ಮೆಯೂ ಕದಲಿರಬಾರದು. ಕದಲಿ ವಾಪಸು ಬಂದಿದ್ದರೂ ಹಕ್ಕು ಹೋಯಿತು.

ತಮ್ಮನ ಕೈ ತಾನಾಗಿ ಗಡಿಯಾರದ ಕಡೆ ಹೋಯಿತು. ತಪ್ಪು ನಡೆ ಕಂಡರೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಬೇಕು, ಅದು ನಿಯಮ. ಡ್ರಾಯಿಂಗ್ ಮೇಷ್ಟ್ರು ಅದೇ ಹೊತ್ತಿಗೆ ಬಂದು ಅವರ ಮೇಜಿನ ಮೇಲೆ ಬಗ್ಗಿದರು. ನೋಡಿದರು, ತಲೆಯಾಡಿಸಿದರು, ಮುಂದೆ ಹೋದರು. ಅವರಿಗೆ ಏನೂ ಕಾಣಲಿಲ್ಲ. ಕಾಣುವಂಥದ್ದು ಅಲ್ಲಿ ಏನೂ ಇರಲಿಲ್ಲ. ರಾಜ ಇರಬೇಕಾದಲ್ಲಿ ಇದ್ದ, ಆನೆ ಇರಬೇಕಾದಲ್ಲಿ ಇತ್ತು. ನಾಲ್ಕು ನಡೆಗಳ ಹಿಂದೆ ಏನಾಯಿತು ಎಂದು ನೆನಪಿದ್ದವನಿಗೆ ಮಾತ್ರ ಆ ತಪ್ಪು ಕಾಣುತ್ತಿತ್ತು. ಬೊಟ್ಟುಗಳನ್ನು ಎತ್ತಿಕೊಂಡರೂ ಇಡೀ ಆಟವನ್ನು ಮತ್ತೆ ಜೋಡಿಸುತ್ತಿದ್ದ ಅಣ್ಣನಿಗೆ ಅದು ಕಾಣಲಿಲ್ಲ. ಎಂದೂ ನೆನಪಿಡಲಾಗದ ತಮ್ಮನಿಗೆ ಕಂಡಿತು.

ಅವನು ಕೈಯನ್ನು ಹಿಂದೆ ತೆಗೆದುಕೊಂಡು, ಬೆವರು ಒರೆಸಿಕೊಳ್ಳುವವನಂತೆ ಹಣೆಗೆ ಒಯ್ದ.

“ಅಣ್ಣಾ,” ಎಂದ ಮೆಲ್ಲಗೆ. “ಡ್ರಾ ಮಾಡ್ಕೊಳ್ಳೋಣ್ವಾ?”

“ಅರ್ಧ ತಿಂದೂ ತಿಂದೂ ಹೊಟ್ಟೆ ತುಂಬಿಲ್ವೇನೋ? ಆಡು.”

ಅವನು ಆಡಿದ. ಗಡಿಯಾರ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಬಹಳ ದಿನ ಯೋಚಿಸಿದ. ಮೇಷ್ಟ್ರು ಬಂದು ನಡೆ ಹಿಂತೆಗೆಸಿ, ತಮ್ಮನಿಗೆ ಎರಡು ನಿಮಿಷ ಹೆಚ್ಚು ಕೊಡುತ್ತಿದ್ದರು, ಅಷ್ಟೇ. ಅಕ್ಕಪಕ್ಕದವರು ತಲೆ ಎತ್ತಿ ನೋಡುತ್ತಿದ್ದರು. ಯಾರೋ ಒಬ್ಬರು “ಕಂಪೌಂಡರ್ ಸಾಹೇಬ್ರು ಹೊಸ ರೂಲ್ಸ್ ಬರೀತಿದ್ದಾರೆ” ಎನ್ನುತ್ತಿದ್ದರು. ಅದನ್ನು ಅವನು ತಡೆದ. ಬೇರೇನನ್ನೂ ತಡೆಯಲಾಗಲಿಲ್ಲ.

ಕಟ್ಟಿದ ಕೋಟೆಯೇ ಅಣ್ಣನಿಗೆ ಮುಳುವಾಯಿತು. ರಾಜ ಸರಿದು ನಿಂತ ಮೂಲೆಗೇ ಕಪ್ಪಿನ ಎರಡೂ ಆನೆಗಳ ದಾರಿ ತೆರೆದಿತ್ತು. ಇಪ್ಪತ್ತೇಳನೆಯ ನಡೆಗೆ ಬಂದಾಗ ಗೆಲುವು ತಮ್ಮನ ಮುಂದೆ ಬಾಯಿ ತೆರೆದು ಕೂತಿತ್ತು. ಆನೆಯನ್ನು ಕೆಳಗಿನ ಸಾಲಿಗೆ ಇಳಿಸಿದರೆ ಮುಗಿಯಿತು. ಅವನು ಹದಿನಾಲ್ಕು ನಿಮಿಷ ಆನೆಯನ್ನು ಮುಟ್ಟಲಿಲ್ಲ. ಬೇರೆ ನಡೆ ಹುಡುಕಿದ. ಕಾಲಾಳು ತಳ್ಳಲೇ, ಮಂತ್ರಿಯನ್ನು ಹಿಂದಕ್ಕೆ ತರಲೇ ಎಂದು ನೋಡಿದ. ಮನೆಯಲ್ಲಿ ಅತ್ತಿಗೆ ಒಂದು ಮಾತಿಗಾಗಿ ಕಾಯುತ್ತಿದ್ದಳು, ‘ಅಣ್ಣ ಗೆದ್ದ’ ಎಂಬ ಮಾತು. ಆ ಮಾತನ್ನು ಸುಳ್ಳಾಗಿಯಾದರೂ ತಯಾರಿಸಿಕೊಂಡು ಹೋಗಲು ಆಗುತ್ತದೆಯೇ ಎಂದು ಅವನು ಅರವತ್ತನಾಲ್ಕು ಮನೆಗಳಲ್ಲೂ ಹುಡುಕಿದ.

“ಕಾಣ್ತಿದೆ ತಾನೇ?” ಅಣ್ಣ ಕೇಳಿದ. “ಆನೆ ಇಳಿಸು. ನನಗೂ ಕಾಣ್ತಿದೆ.”

ಬೋರ್ಡಿನ ಮೇಲೆ ಇದ್ದದ್ದೆಲ್ಲ ಅಣ್ಣನಿಗೆ ಒಮ್ಮೊಮ್ಮೆ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ತಮ್ಮ ಆನೆಯನ್ನು ಇಳಿಸಿದ. ಅಣ್ಣ ಎದ್ದು ನಿಂತು ಕೈ ಕೊಟ್ಟ. “ಭೇಷ್,” ಎಂದ. ಮನಸಾರೆ ಹೇಳಿದ. ಮೂವತ್ತೊಂದು ವರ್ಷದಲ್ಲಿ ತಮ್ಮ ಆ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು.

ಸುದ್ದಿ ಹಾಲ್ ತುಂಬಿತು. ಉಳಿದ ಆಟಗಳು ನಡೆಯುತ್ತಿದ್ದುದರಿಂದ ಚಪ್ಪಾಳೆ ತಟ್ಟುವಂತಿರಲಿಲ್ಲ, ಬೆನ್ನು ತಟ್ಟಿದರು. ಒಬ್ಬ ಬ್ಯಾಂಕಿನ ಗುಮಾಸ್ತ ಅವನ ಕಿವಿಯಲ್ಲಿ, “ನಾಳೆಯಿಂದ ನಿನ್ನನ್ನ ಏನಂತ ಕರೀಬೇಕಯ್ಯ? ಒಂದೂವರೆ?” ಎಂದ. ಮೇಷ್ಟ್ರು ಗೋಡೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ದುಂಡಗೆ ಒಂದು ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದರು. ಅವನು ಹಲ್ಲು ಕಿರಿದು ಎಲ್ಲರಿಗೂ ಕೈ ಮುಗಿದ.

“ನಡಿ, ಆಟ ನೋಡೋಣ,” ಎಂದ ಅಣ್ಣ.

ತಮ್ಮ ಇದಕ್ಕೇ ಹೆದರಿದ್ದ. ಆಟ ಮುಗಿದ ಮೇಲೆ ಹಿಂದಿನ ಕೋಣೆಗೆ ಹೋಗಿ, ಬರೆದ ಹಾಳೆ ನೋಡಿಕೊಂಡು ಇಡೀ ಆಟವನ್ನು ಮೊದಲಿನಿಂದ ಮತ್ತೆ ಆಡಿ ತಪ್ಪು ಹುಡುಕುವುದು ಅವರಿಬ್ಬರ ಪದ್ಧತಿ. ನಲವತ್ತಮೂರು ಸಲವೂ ಅಣ್ಣ ತೋರಿಸಿದ್ದ, ತಮ್ಮ ತಲೆ ಬಗ್ಗಿಸಿ ಕೇಳಿದ್ದ.

“ಇವತ್ತು ಬೇಡ. ಅತ್ತಿಗೆ ಊಟಕ್ಕೆ ಕಾಯ್ತಿರ್ತಾರೆ.”

“ಗೆದ್ದ ದಿನ ಗುರು ಬೇಡವಾದ್ನಾ? ಕೂತ್ಕೋ.”

ಹಿಂದಿನ ಕೋಣೆಯಲ್ಲಿ ಮುರಿದ ಕುರ್ಚಿಗಳು, ಹಳೆಯ ಬ್ಯಾನರುಗಳು, ಒಂದು ಮೇಜು. ಅಣ್ಣ ತನ್ನ ಹಾಳೆಯನ್ನು ಬಿಚ್ಚಿ, ಬೆರಳಿಟ್ಟು ಓದುತ್ತಾ ಕಾಯಿ ನಡೆಸಿದ. ಅಕ್ಷರ ದುಂಡಗಿತ್ತು, ಔಷಧಿ ಲಕೋಟೆಯ ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬರೆಯುವ ಅದೇ ಅಕ್ಷರ. ಹನ್ನೆರಡನೆಯ ನಡೆ, ರಾಜ ಪಕ್ಕಕ್ಕೆ. ಹದಿನೈದು, ರಾಜ ವಾಪಸು. ಹದಿನಾರು, ಹದಿನೇಳು, ಹದಿನೆಂಟು. ಹತ್ತೊಂಬತ್ತಕ್ಕೆ ಬೆರಳು ಬಂದು ನಿಂತಿತು.

ತಮ್ಮ ಕಿಟಕಿಯ ಹೊರಗೆ ನೋಡಿದ. ಎದುರು ಮಹಡಿಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಅವಳು ಮೂರು ಅಂಗಿ ಹಾಕುವವರೆಗೆ ಅಣ್ಣನ ಬೆರಳು ಅಲ್ಲೇ ಇತ್ತು.

“ರಾಜ ಕದಲಿದ್ದ,” ಎಂದ ಕೊನೆಗೆ.

“ಹೂಂ.”

“ನೀನು ನೋಡ್ದೆ.”

“ಹೂಂ.”

“ಮತ್ತೆ ಯಾಕೋ ಹೇಳ್ಲಿಲ್ಲ?” ಅದು ಬೈಗುಳವಾಗಿರಲಿಲ್ಲ. ಅಣ್ಣ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದ. “ನನ್ನದೇ ಅಕ್ಷರ. ನಾನೇ ಬರೆದಿದ್ದೀನಿ. ಆದರೆ ಆ ರಾಜನನ್ನ ಪಕ್ಕಕ್ಕೆ ಸರಿಸಿದ್ದು... ಈಗ ಓದ್ತಿದ್ದೀನಲ್ಲ, ಈಗಲೂ ನೆನಪಾಗ್ತಿಲ್ಲ. ಯಾರೋ ಬೇರೆಯವರ ಆಟ ಓದಿದ ಹಾಗಿದೆ.”

“ದೊಡ್ಡ ದೊಡ್ಡ ಆಟಗಾರರೂ ಇದೇ ತಪ್ಪು ಮಾಡಿದ್ದಾರೆ ಅಂತ ನೀನೇ ಹೇಳ್ತಿದ್ದೆ.”

“ಅವರು ಯಾರಿಗೂ ಮಾತ್ರೆ ಕೊಡ್ತಿರ್ಲಿಲ್ಲ,” ಎಂದ ಅಣ್ಣ.

ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಊರಿದ.

“ಮಂಗಳವಾರ ಒಬ್ಬಳು, ಆಗತಾನೇ ಕೊಟ್ಟ ಮಾತ್ರೆ ಹಿಡ್ಕೊಂಡು ವಾಪಸ್ ಬಂದಳು ಕಣೋ. ವಯಸ್ಸಾದವಳು, ಕೈಯಲ್ಲಿ ಒಂದು ಕೊಡೆ. ‘ಯಾವಾಗಲೂ ಬಿಳಿ ಮಾತ್ರೆ ಕೊಡ್ತಿದ್ರಿ, ಇದು ಹಳದಿ ಇದೆ’ ಅಂದಳು. ‘ಕಂಪನಿ ಬದಲಾಗಿದೆ, ನಿನಗೇನು ಗೊತ್ತು, ಹೋಗಮ್ಮ’ ಅಂತ ಗದರಿಸಿದೆ. ಕೊಡೆ ನೆನಪಿದೆ. ಗದರಿಸಿದ್ದು ನೆನಪಿದೆ. ಯಾವ ಮಾತ್ರೆ ಕೊಟ್ಟೆ ಅಂತ ನೆನಪಿಲ್ಲ.”

ತಕ್ಕಡಿಯ ಕಸುಬಿನಲ್ಲಿ ತಮ್ಮನಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು. ತಪ್ಪು ತೂಗುವ ತಕ್ಕಡಿಯ ಮುಳ್ಳೂ ನೆಟ್ಟಗೇ ನಿಲ್ಲುತ್ತದೆ. ಅದನ್ನು ಗಿರಾಕಿಗಳಿಗೆ ನೂರು ಸಲ ಹೇಳಿದ್ದ.

ಅಣ್ಣ ಜೇಬಿನಿಂದ ಔಷಧಿ ಕೋಣೆಯ ಬೀಗದ ಕೈ ತೆಗೆದು ಬೋರ್ಡಿನ ಮೇಲೆ, ಬಿಳಿ ರಾಜನ ಪಕ್ಕದಲ್ಲಿ ಇಟ್ಟ. ಆಮೇಲೆ ಅದನ್ನು ತಮ್ಮನ ಕಡೆ ತಳ್ಳಿದ. “ನೀನೇ ಇಟ್ಕೋ. ನನ್ನ ಹತ್ರ ಇದ್ರೆ ನಾಳೆ ಬೆಳಿಗ್ಗೆ ಮರೆತು ಕೆಲಸಕ್ಕೆ ಹೋಗಿಬಿಡ್ತೀನಿ. ಈಗಲೇ ನಡಿ.”

ಆಸ್ಪತ್ರೆ ನಾಲ್ಕು ಬೀದಿ ಆಚೆ. ಇಬ್ಬರೂ ನಡೆದೇ ಹೋದರು. ಒಂದು ತಿರುವಿನಲ್ಲಿ ಅಣ್ಣ ಅರೆಗಳಿಗೆ ನಿಂತ. ತಮ್ಮ ಏನೂ ಕೇಳದೆ ಬಲಕ್ಕೆ ತಿರುಗಿದ, ಅಣ್ಣ ಹಿಂದೆಯೇ ಬಂದ. ಭಾನುವಾರದ ಡ್ಯೂಟಿ ಡಾಕ್ಟರ್ ಒಬ್ಬ ಎಳೆಯ ಹೆಣ್ಣುಮಗಳು. ಅಣ್ಣ ಅವಳ ಮುಂದೆ ನಿಂತು, ಅಪರಾಧ ಒಪ್ಪಿಕೊಳ್ಳುವವನಂತೆ, ಒಂದೊಂದೇ ಮಾತು ಹೇಳಿದ. ಅವಳು ಮೊದಲು ನಕ್ಕಳು, “ಏನ್ ಸಾರ್, ನೀವಾ?” ಎಂದಳು. ಆಮೇಲೆ ನಗು ನಿಂತಿತು. ಮಂಗಳವಾರದ ಚೀಟಿಗಳನ್ನು ತೆಗೆಸಿದಳು. ಅರವತ್ತೆರಡು ಚೀಟಿ. ಅದರಲ್ಲಿ ವಯಸ್ಸಾದ ಹೆಂಗಸರದು ಹತ್ತೊಂಬತ್ತು. ಚೀಟಿಯಲ್ಲಿ ಡಾಕ್ಟರು ಬರೆದ ಔಷಧಿ ಇತ್ತು. ಕಂಪೌಂಡರ್ ಕೈಗೆ ಕೊಟ್ಟದ್ದು ಏನೆಂದು ಎಲ್ಲಿಯೂ ಇರಲಿಲ್ಲ. ಕೊಡೆಯ ವಿಷಯವನ್ನು ಯಾವ ಡಾಕ್ಟರೂ ಬರೆಯುವುದಿಲ್ಲ.

“ಹತ್ತೊಂಬತ್ತು ಜನಕ್ಕೂ ಹೇಳಿ ಕಳಿಸ್ತೀನಿ, ಮನೆಗೆ ಹೋಗಿ ಸಾರ್,” ಎಂದಳು ಅವಳು. “ಆದ್ರೆ ಮಂಗಳವಾರ ಒಂದೇ ದಿನ ಅಂತ ಹೇಗೆ ಹೇಳ್ತೀರಿ?”

ಅಣ್ಣ ಮೂವತ್ತೆರಡು ವರ್ಷ ತಾನು ನಿಂತಿದ್ದ ಕಿಂಡಿಯನ್ನು ಹೊರಗಿನಿಂದ, ರೋಗಿಗಳು ನಿಲ್ಲುವ ಜಾಗದಿಂದ ನೋಡಿದ. ಅದರ ಎತ್ತರಕ್ಕೆ ಸ್ವಲ್ಪ ಬಗ್ಗಬೇಕಾಗುತ್ತಿತ್ತು. “ಇದನ್ನ ಇಷ್ಟು ಕೆಳಗೆ ಯಾಕೆ ಮಾಡಿದ್ದಾರೆ?” ಎಂದು ತಮ್ಮನನ್ನು ಕೇಳಿದ.

ಮನೆ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮೂರು ತಟ್ಟೆ ಮಗುಚಿ ಇಟ್ಟಿದ್ದು ಕಾಣುತ್ತಿತ್ತು. ಅವಳು ಗಂಡನ ಮುಖ ನೋಡಲಿಲ್ಲ. ಮೈದುನನ ಮುಖವನ್ನೇ ನೋಡಿದಳು.

“ಯಾರು ಗೆದ್ದದ್ದು?”

ದಾರಿಯುದ್ದಕ್ಕೂ ಅವನು ಇದಕ್ಕೆ ಬೇರೆ ಬೇರೆ ಉತ್ತರ ಕಟ್ಟಿಕೊಂಡು ಬಂದಿದ್ದ. ಡ್ರಾ ಆಯ್ತು ಎನ್ನಬಹುದಿತ್ತು, ಅವನಿಂದ ಎಲ್ಲರೂ ನಂಬುವ ಮಾತು ಅದೇ. ಜೇಬಿನಲ್ಲಿ ಬೀಗದ ಕೈ ತೊಡೆಗೆ ಒತ್ತುತ್ತಿತ್ತು.

“ನಾನು,” ಎಂದ.

ಅವಳು ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ಅಣ್ಣ ಚಪ್ಪಲಿ ಬಿಡುತ್ತಾ, “ಚೆನ್ನಾಗಿ ಆಡಿದ ಕಣೇ ಇವತ್ತು. ಇಷ್ಟು ವರ್ಷಕ್ಕೆ ಒಂದು ಆಟ ಆಡಿದ,” ಎಂದ. ಆಮೇಲೆ ಅವಳನ್ನು ದಾಟಿಕೊಂಡು ಒಳಗೆ ಹೋಗಲಾರದೆ, ಹೊರಗೆ ಉಳಿಯಲಾರದೆ, ತಮ್ಮನ ಪಕ್ಕದಲ್ಲೇ ನಿಂತುಕೊಂಡ.

ಯಾರೂ ಊಟಕ್ಕೆ ಒಳಗೆ ಹೋಗಲಿಲ್ಲ. ಅತ್ತಿಗೆ, “ನನ್ನ ತಕ್ಕಡಿ ನಿನ್ನ ಅಂಗಡೀಲೇ ಉಳೀತು,” ಎಂದಳು.

“ನಾಳೆ ತರ್ತೀನಿ.”

“ಸರಿ ಇದೆ ಅಂದೆ ಅಲ್ವಾ?”

“ಸರಿ ಇದೆ ಅತ್ತಿಗೆ. ಅದು ಸರಿ ಇದೆ.”